ಡೈರಿಗೆ ಸಹಿ ಹಾಕುವ ಮುಂಚೆ...

ಕುಲಶೇಖರದಲ್ಲಿ ಡೈರಿ ಅಂದ್ರೆ ಮೊದಲು ನೆನಪಾಗೋದು ನಂದಿನಿ ಹಾಲಿನ ಡೈರಿ. ಆದರೆ ಜೂನ್ ಬಂತೆಂದರೆ ಮನೆಮನೆಯಲ್ಲೂ ಇನ್ನೊಂದು ಡೈರಿಯದ್ದೇ ಕಾರುಬಾರು. ಅದು ಮಗುವಿನ ಬ್ಯಾಗಿನಲ್ಲಿರುವ ಸ್ಕೂಲ್ ಡೈರಿ! (ಎರಡರ ಸ್ಪೆಲ್ಲಿಂಗ್ ಬೇರೆ ಬೇರೆ. ಡಿ ಆದ ಮೇಲೆ ಹಾಲಿನ ಡೈರಿಗೆ ‘ಎ’ ಮೊದಲು, ‘ಐ’ ಆಮೇಲೆ. ಶಾಲೆಯ ಡೈರಿಗೆ ಇದರ ಉಲ್ಟಾ.)

ಟೀಚರ್ ಅದರಲ್ಲಿ ಒಂದು ಸಾಲು ಇಂಗ್ಲಿಷ್ ಬರೆದು ಕಳಿಸಿರುತ್ತಾರೆ. ನೀವು ಕನ್ನಡ ಮೀಡಿಯಂನಲ್ಲಿ ಓದಿದವರು. ಮನೆಯಲ್ಲಿ ಆಡೋದು ತುಳುವೋ, ಕೊಂಕಣಿಯೋ, ಬ್ಯಾರಿಯೋ. ‘ಏನು ಬರೆದಿದ್ದಾರೆ ಮಗಾ?’ ಅಂದ್ರೆ ‘ಎಂಥ ಇಲ್ಲ ಅಮ್ಮ, ಸೈನ್ ಹಾಕ್ಬೇಕಂತೆ’ ಅನ್ನುತ್ತಾನೆ ಮಗರಾಯ. ದೂರು ಬಂದಿರೋದು ಅವನ ಮೇಲೆ, ಓದಿ ಹೇಳುವವನೂ ಅವನೇ! ಆರೋಪಿಯೇ ದುಭಾಷಿಯಾದರೆ ವಿಚಾರಣೆ ಹೇಗೆ ನಡೆದೀತು ಹೇಳಿ?

ತಮಾಷೆ ಅಂತ ಬಿಡುವ ವಿಷಯವಲ್ಲ ಇದು. ಇವತ್ತು ಡೈರಿ ಯಜಮಾನರ ಕೈಗೆ ಹೋಗುತ್ತದೆ, ನಾಳೆ ಪೇರೆಂಟ್ಸ್ ಮೀಟಿಂಗಿಗೂ ಅವರೇ ಹೋಗ್ತಾರೆ. ಅವನು ಯಾವ ಲೆಕ್ಕಕ್ಕೆ ಅಳುತ್ತಾನೆ, ಯಾವ ಪಾಠ ತೆಗೆದರೆ ಆಕಳಿಸುತ್ತಾನೆ ಎಂದು ಬಲ್ಲವರು ನೀವು. ನೀವೇ ಬಾಯಿ ಮುಚ್ಚಿ ಕೂತರೆ ಟೀಚರಿಗೆ ಅದನ್ನು ಹೇಳುವವರು ಯಾರು?

ಗಾಬರಿ ಬೇಡ. ಶಾಲೆಯವರು ಬಳಸುವ ಇಂಗ್ಲಿಷ್ ತುಂಬಾ ಇಲ್ಲ. ಮೂವತ್ತು ನಲವತ್ತು ಪದಗಳೇ ವರ್ಷವಿಡೀ ಸುತ್ತಿ ಸುತ್ತಿ ಬರುತ್ತವೆ. ಅದರಲ್ಲೂ ಸಿಹಿ ಮಾತಿನಂತೆ ಕೇಳಿಸುವ ಪದಗಳ ಮೇಲೆ ಕಣ್ಣಿಡಿ. ‘ಸ್ಯಾಟಿಸ್‌ಫ್ಯಾಕ್ಟರಿ’ ಅಂತ ಬರೆದಿದ್ದರೆ ಟೀಚರ್ ಖುಷಿಯಾಗಿದ್ದಾರೆ ಅಂದುಕೊಳ್ಳಬೇಡಿ, ‘ಪರವಾಗಿಲ್ಲ’ ಅಂತಷ್ಟೇ ಅರ್ಥ. ‘ಫೇರ್’ ಕೂಡ ಹಾಗೇ, ಅದಕ್ಕೂ ಮೈಬಣ್ಣಕ್ಕೂ ಸಂಬಂಧವಿಲ್ಲ, ಸಾಧಾರಣ ಎಂದರ್ಥ. ‘ಕ್ಯಾನ್ ಡು ಬೆಟರ್’ ಎಂದರೆ ಬುದ್ಧಿ ಇದೆ, ಶ್ರಮ ಸಾಲದು. ‘ರೆಸ್ಟ್‌ಲೆಸ್’ ಎಂದರೆ ಕೂತಲ್ಲಿ ಕೂರೋಲ್ಲ, ‘ಡಿಸ್ಟ್ರಾಕ್ಟೆಡ್’ ಎಂದರೆ ಕೂತಿರ್ತಾನೆ, ಆದರೆ ಗಮನ ಬೇರೆಲ್ಲೋ. ಎರಡಕ್ಕೂ ಮದ್ದು ಬೇರೆ ಬೇರೆ ನೋಡಿ! ‘ಪೆಂಡಿಂಗ್’ ಕಂಡರೆ ಆ ದಿನವೇ ನೋಟ್‌ಬುಕ್ ತೆರೆಸಿ. ‘ರೆಮಿಡಿಯಲ್ ಕ್ಲಾಸ್’ ಅಂದರೆ ಶಿಕ್ಷೆ ಅಂತ ಮಗುವನ್ನು ಬೈಯಬೇಡಿ. ಹಿಂದುಳಿದ ಪಾಠವನ್ನು ಮತ್ತೆ ಹೇಳಿಕೊಡುವ ತರಗತಿ ಅದು.

ಮಾರ್ಕ್ಸ್ ಕಾರ್ಡಿನ ಎಫ್.ಎ., ಎಸ್.ಎ. ಕೂಡ ಗೊಂದಲವೇ. ಎಫ್.ಎ. ಎಂದರೆ ಫಾರ್ಮೇಟಿವ್ ಅಸೆಸ್‌ಮೆಂಟ್, ಕಲಿಯುತ್ತಾ ಇರುವಾಗಲೇ ನಡುನಡುವೆ ನೋಡುವ ಪರೀಕ್ಷೆ. ಎಸ್.ಎ. ಎಂದರೆ ಸಮ್ಮೇಟಿವ್, ಕಲಿತಾದ ಮೇಲೆ ಒಟ್ಟಾರೆ ಅಳೆಯುವಂಥದ್ದು. ಸರಕಾರಿ ಕನ್ನಡದಲ್ಲಿ ಇವು ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನ. ಅದಕ್ಕಿಂತ ಇಂಗ್ಲಿಷೇ ಸಲೀಸು ಅನಿಸಿದರೆ ಆಶ್ಚರ್ಯವೇನಿಲ್ಲ!

ಮಾತಾಡುವಾಗ ನಾಲಿಗೆ ತೊಡರೋದಕ್ಕೂ ಕಾರಣವಿದೆ. ಕನ್ನಡದಲ್ಲಿ ಕಲಿ-ಕಲಿಸು, ತುಳುವಿನಲ್ಲಿ ಕಲ್ಪುನಿ-ಕಲ್ಪಾವುನಿ. ನಮಗೆ ಒಂದೇ ಬೇರು, ಬಾಲ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಮಗು ಮಾಡುವುದು ‘ಲರ್ನ್’, ಟೀಚರ್ ಮಾಡುವುದು ‘ಟೀಚ್’, ಎರಡೂ ಬೇರೆಯೇ ಪದ. ‘ಓದು’ ಎಂಬಲ್ಲಿ ಇನ್ನೊಂದು ಪೇಚು. ಕಥೆ ಓದಿದರೂ ಓದು, ಪರೀಕ್ಷೆಗೆ ಓದಿದರೂ ಓದು. ಇಂಗ್ಲಿಷಿನಲ್ಲಿ ಕಥೆಗಾದರೆ ‘ರೀಡಿಂಗ್’, ಪರೀಕ್ಷೆಗಾದರೆ ‘ಸ್ಟಡಿಯಿಂಗ್’.

ಹೊರದೇಶದಲ್ಲಿರುವ ನಾದಿನಿ ಮಕ್ಕಳ ಹತ್ತಿರ ಮಾತಾಡುವಾಗ ಮಾತ್ರ ಸ್ವಲ್ಪ ಹುಷಾರು. ನಮ್ಮಲ್ಲಿ ‘ಪಾಸ್ಡ್ ಔಟ್’ ಅಂದರೆ ಡಿಗ್ರಿ ಮುಗಿಸಿದ ಅಂತ. ಅವರಿಗೆ ‘ಮೂರ್ಛೆ ಹೋದ’ ಅಂತ ಕೇಳಿಸೀತು!

ಇಂಗ್ಲಿಷ್ ಬಾರದ್ದಕ್ಕೆ ನಾಚಿಕೆ ಯಾಕೆ ಹೇಳಿ? ಹೊರಗಿನಿಂದ ಬಂದ ಪಾದ್ರಿಗಳು ನಮ್ಮ ಭಾಷೆಗಳನ್ನು ಹೀಗೇ ಒಂದೊಂದೇ ಪದ ಬರೆದಿಟ್ಟುಕೊಂಡು ಕಲಿತರು. ಮಫೆಯಿ ಅವರ ಕೊಂಕಣಿ ನಿಘಂಟು 1883ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ, ಮೂರೂ ಹೊರಬಂದದ್ದು ನಮ್ಮ ಮಂಗಳೂರಿನಲ್ಲೇ.

ನೀವೂ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಶುರು ಮಾಡಿ. ಡೈರಿಯಲ್ಲಿ ಕಂಡ ಪದ, ಪಕ್ಕದಲ್ಲಿ ನಿಮ್ಮ ಮನೆಮಾತಿನ ಅರ್ಥ. ಅರ್ಥವನ್ನು ಮಗನ ಹತ್ತಿರ ಕೇಳಬೇಡಿ, ಮೊಬೈಲಿನಲ್ಲಿ ನೋಡಿ, ಇಲ್ಲವೇ ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕೇಳಿ. ಮೀಟಿಂಗಿಗೆ ಮಾತ್ರ ನೀವೇ ಹೋಗಿ. ಪೂರ್ತಿ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ಹಟ ಬೇಡ. ‘ಮಿಸ್, ಇವನಿಗೆ ಯಾವ ಸಬ್ಜೆಕ್ಟಲ್ಲಿ ರಿವಿಷನ್ ಬೇಕು? ಮನೇಲಿ ನಾನೇನು ಮಾಡ್ಬೇಕು?’ ಇಷ್ಟು ಕೇಳಿ. ಉತ್ತರ ಅರ್ಥವಾಗದಿದ್ದರೆ ‘ಕನ್ನಡದಲ್ಲಿ ಒಮ್ಮೆ ಹೇಳ್ತೀರಾ?’ ಅಂತಲೂ ಕೇಳಿ.