ಬಿಸಿಲೇರುವ ಮೊದಲೇ ನೋಡಿ ಕೊಳ್ಳಿ

ಆದೋನಿಯಿಂದ ಸಿರುಗುಪ್ಪದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಎರೆ ಹೊಲ. ಹತ್ತಿ, ಜೋಳ, ಕಡಲೆ. ಮರ ಕಡಿಮೆ, ಮರೆ ಅದಕ್ಕಿಂತ ಕಡಿಮೆ. ಇಂಥ ಬಯಲಲ್ಲಿ ನಾವು ಹಕ್ಕಿಯನ್ನು ಕಾಣುವುದಕ್ಕೆ ಮೊದಲೇ ಹಕ್ಕಿ ನಮ್ಮನ್ನು ಕಂಡಿರುತ್ತದೆ. ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗ ದೂರದ ಹೊಲದ ಹೆಂಟೆಯ ಮೇಲೆ ಕೂತಿದ್ದರೆ, ಹೆಣ್ಣುಹಕ್ಕಿ ಪ್ಯಾಲಿಡ್ ಜಾತಿಯದೋ ಮಾಂಟೆಗೂ ಜಾತಿಯದೋ ಎಂದು ಹೇಳಲು ಅದರ ಕತ್ತಿನ ಸುತ್ತಲಿನ ಬಿಳಿ ಪಟ್ಟಿ ಕಾಣಬೇಕು. ಬೈನಾಕ್ಯುಲರಿಗೆ ಅದು ಸಿಗುವುದಿಲ್ಲ, ಸ್ಪಾಟಿಂಗ್ ಸ್ಕೋಪ್ ಬೇಕು. ಸಿರುಗುಪ್ಪದ ಬಯಲಲ್ಲಿ ಬೆರಳೆಣಿಕೆಗೆ ಇಳಿದಿರುವ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಮಾತು ಬಂದರಂತೂ ದೂರದಿಂದ ನೋಡುವುದೇ ಮರ್ಯಾದೆ. ಈ ಹಕ್ಕಿಗಾಗಿಯೇ 1988ರಲ್ಲಿ ಅಭಯಾರಣ್ಯವಾದ ರೋಳ್ಳಪಾಡು, 2022ರಲ್ಲಿ ಕರ್ನೂಲು ಜಿಲ್ಲೆ ಒಡೆದ ಮೇಲೆ ನಂದ್ಯಾಲಕ್ಕೆ ಸೇರಿತು.

ಒಳ್ಳೆಯ ಸ್ಕೋಪೆಂದರೆ ಸ್ವರೋವ್‌ಸ್ಕಿ, ಕೋವಾ, ಲೈಕಾ, ಜೈಸ್. ಹೊಸದಕ್ಕೆ ಲಕ್ಷಗಳ ಲೆಕ್ಕ. ಹಾಗಾಗಿ ಹೆಚ್ಚಿನವರ ಕಣ್ಣು ಹಳೆಯದರ ಮೇಲೆ. ಇವುಗಳ ವ್ಯಾಪಾರ ನಡೆಯುವುದು ಬೆಂಗಳೂರು, ಹೈದರಾಬಾದುಗಳ ಪಕ್ಷಿವೀಕ್ಷಕರ ನಡುವೆ, ಗುರುತಿನ ಮೇಲೆ. ಆದೋನಿಯಲ್ಲಿ ಕೂತು ಕೊಳ್ಳುವವರು ಊರಿಗೆ ತಕ್ಕ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಮೊದಲ ಲೆಕ್ಕ ಗಾತ್ರದ್ದು. ಮುಂದಿನ ಗಾಜಿನ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿ ಎಷ್ಟು ದಪ್ಪ ಎಂದು ತಿಳಿಯುತ್ತದೆ. 85 ಮಿಲಿಮೀಟರ್ ಸ್ಕೋಪನ್ನು 60 ಪಟ್ಟಿಗೆ ಏರಿಸಿದರೆ 1.4 ಮಿಲಿಮೀಟರ್, 65ರದನ್ನು ಏರಿಸಿದರೆ 1.1. ಕಾಗದದ ಮೇಲೆ ದೊಡ್ಡದೇ ಗೆಲ್ಲುತ್ತದೆ. ಆದರೆ ಎರೆ ನೆಲ ಕಾದು ಬಿಸಿಲ್ಗುದುರೆ ಎದ್ದ ಮೇಲೆ 30 ಪಟ್ಟಿನಾಚೆ ಯಾವ ಗಾಜೂ ಹೆಚ್ಚಿನದೇನನ್ನೂ ತೋರಿಸುವುದಿಲ್ಲ, ಅಲುಗುವ ಗಾಳಿಯನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತಾದರೆ ಆಟ ಮುಗಿಯಿತು. ತುಂಗಭದ್ರಾ ಜಲಾಶಯದ ಅಂಚಿಗೋ, ಗದಗಿನ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳಿಗೋ ನಸುಕಿನಲ್ಲೇ ಹೋಗುವವರಿಗೆ 85 ಅಥವಾ 95ರದು ಸರಿ. ಹೊಲದ ಬದುವಿನಲ್ಲಿ ಹೊತ್ತು ತಿರುಗುವವರಿಗೆ ಚೆನ್ನಾಗಿಟ್ಟ 65ರದೇ ಸಾಕೆಂಬುದು ನನ್ನ ಅಭಿಪ್ರಾಯ. ಹಗುರ, ಬೆಲೆಯೂ ಕಡಿಮೆ.

ಇದೇ ಬಿಸಿಲಿನಿಂದ ಇನ್ನೊಂದು ತೊಡಕಿದೆ. ಮಧ್ಯಾಹ್ನ ಪರೀಕ್ಷೆ ಮಾಡಿದರೆ ಒಳ್ಳೆಯ ಸ್ಕೋಪೂ ಕೆಟ್ಟದಾಗಿ ಕಾಣುತ್ತದೆ, ಕೆಟ್ಟದ್ದಕ್ಕೆ ಗಾಳಿಯ ನೆಪ ಸಿಗುತ್ತದೆ. ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ ನೋಡಬೇಕು. ಮಾರುವವರು ‘ಮಧ್ಯಾಹ್ನ ಬನ್ನಿ’ ಎಂದರೆ ‘ಬೆಳಿಗ್ಗೆ ಬರ್ತೀನಿ ಸಾರ್’ ಎನ್ನಿ, ಸಂಕೋಚ ಬೇಡ.

ಪರೀಕ್ಷೆಗೆ ಕರೆಂಟ್ ಕಂಬ ಒಂದಿದ್ದರೆ ಸಾಕು. ಸೂರ್ಯನಿಗೆ ಬೆನ್ನು ಹಾಕಿ, ಐವತ್ತರಿಂದ ನೂರು ಮೀಟರ್ ದೂರದ ಕಂಬದ ಪಿಂಗಾಣಿ ಇನ್ಸುಲೇಟರ್ ಮೇಲೆ ಸ್ಕೋಪು ಹಿಡಿಯಿರಿ. ನುಣುಪು ಮೈ ಮೇಲೆ ಬಿಸಿಲಿನ ಒಂದು ಚುಕ್ಕಿ ನಕ್ಷತ್ರದಂತೆ ಹೊಳೆಯುತ್ತಿರುತ್ತದೆ. ವರ್ಧನೆಯನ್ನು ಪೂರ್ತಿ ಏರಿಸಿ, ಫೋಕಸನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿ, ಆಮೇಲೆ ಅಷ್ಟೇ ಈಚೆ. ಚುಕ್ಕಿ ಅರಳಿ ಒಂದರೊಳಗೊಂದು ಉಂಗುರಗಳಾಗುತ್ತದೆ. ಎರಡೂ ಕಡೆ ದುಂಡಗೆ, ಹೆಚ್ಚುಕಡಿಮೆ ಒಂದೇ ಥರ ಕಂಡರೆ ಗಾಜು ಒಳ್ಳೆಯದು. ಒಂದು ಕಡೆ ಅಡ್ಡ ಮೊಟ್ಟೆ, ಇನ್ನೊಂದು ಕಡೆ ಉದ್ದ ಮೊಟ್ಟೆಯಾದರೆ ಅಸ್ಟಿಗ್ಮ್ಯಾಟಿಸಂ. ನಿಮ್ಮ ಕಣ್ಣಿನದೇ ದೋಷವೋ ಎಂದು ತಿಳಿಯಲು ತಲೆ ಓರೆ ಮಾಡಿ ನೋಡಿ, ಮೊಟ್ಟೆ ತಲೆಯ ಜೊತೆ ತಿರುಗಿದರೆ ದೋಷ ಕಣ್ಣಿನದು. ಸರಿಯಾದ ಫೋಕಸಿನಲ್ಲೂ ಚುಕ್ಕಿಯಿಂದ ಒಂದೇ ಬದಿಗೆ ಬಾಲ ಬಿಟ್ಟಿದ್ದರೆ ಒಳಗಿನ ಗಾಜು ಓರೆಯಾಗಿದೆ; ಬಹುಶಃ ಸ್ಕೋಪು ಬಿದ್ದಿದೆ. ಹೆಸರಾಂತ ಬ್ರ್ಯಾಂಡುಗಳಲ್ಲೂ ಒಂದೊಂದು ಸ್ಕೋಪು ಒಂದೊಂದು ಥರ ಇರುವುದರಿಂದ ಹೆಸರು ನೋಡಿ ಈ ಪರೀಕ್ಷೆ ಬಿಡಬೇಡಿ. ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯನ್ನು ಯಾರೂ ರಾಶಿಯ ಮೇಲ್ಮೈ ನೋಡಿ ಕೊಳ್ಳುವುದಿಲ್ಲ, ಒಳಗಿಂದ ಎಳೆ ಕಿತ್ತು ನೋಡುತ್ತಾರೆ, ಇದೂ ಹಾಗೇ. ಸ್ಕೋಪನ್ನು ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ.

ಆಮೇಲೆ ಕತ್ತಲೆ ಕೋಣೆ, ಮೊಬೈಲ್ ಟಾರ್ಚ್. ಮುಂದಿನ ಗಾಜಿಗೆ ಓರೆಯಾಗಿ ಬೆಳಕು ಬಿಟ್ಟು ಒಳಗೆ ನೋಡಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಬಿಳಿ ಎಳೆಗಳಿದ್ದರೆ ಬೂಷ್ಟು, ಅದು ಬೇಡ. ಮಂಗಳೂರು, ಕಾಸರಗೋಡಿನ ತೇವದಲ್ಲಿ ಇದ್ದುಬಂದ ಸ್ಕೋಪಿನಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ. ನಮ್ಮ ಕಡೆಯ ರೋಗ ಬೇರೆ: ಮೈಮೇಲಿನ ಟವಲಿನ ತುದಿಯಿಂದ ಧೂಳು ಒರೆಸಿ ಒರೆಸಿ ಗಾಜಿನ ಲೇಪನದ ಮೇಲೆ ಬಿದ್ದ ಗೀರುಗಳು. ಫೋಕಸ್ ಉಂಗುರ ತಿರುಗಿಸುವಾಗ ಕರಕರ ಎಂದರೆ ಮಣ್ಣು ಒಳಗೆ ಹೋಗಿದೆ ಎಂದರ್ಥ. ಈ ದರ್ಜೆಯ ಸ್ಕೋಪುಗಳ ಒಳಗೆ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ. ಒರೆಸಿದರೂ ಹೋಗದ ಮಂಜು ಕಂಡರೆ ಆ ಮುಚ್ಚಿಗೆ ಬಿಟ್ಟಿದೆ.

ಐಪೀಸಿನ ವಿಷಯದಲ್ಲಿ ಎಷ್ಟೋ ಜನ ಎಡವುತ್ತಾರೆ. ಸ್ವರೋವ್‌ಸ್ಕಿಯ ಹಳೆಯ ಎಟಿಎಸ್ ಸ್ಕೋಪಿನ ಐಪೀಸ್, 2012ರಲ್ಲಿ ಬಂದ ಎಟಿಎಕ್ಸ್‌ಗೆ ಕೂರುವುದಿಲ್ಲ. ‘ಬಾಡಿ ಮಾತ್ರ, ಅಗ್ಗಕ್ಕೆ’ ಎಂದವರಿಂದ ಕೊಳ್ಳುವ ಮೊದಲು ಅದಕ್ಕೆ ಹೊಂದುವ ಐಪೀಸ್ ಈಗ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ತಿಳಿದುಕೊಳ್ಳಿ. ವಾರಂಟಿ ಎರಡನೇ ಮಾಲೀಕರಿಗೂ ನಡೆಯುತ್ತದೆಯೇ ಎಂದು ಸೀರಿಯಲ್ ನಂಬರ್ ಕೊಟ್ಟು ಕಂಪನಿಯನ್ನೇ ಕೇಳಿ. ಅಮೆರಿಕದಿಂದ ನೆಂಟರು ತಂದ ಸ್ಕೋಪಾದರೆ ಅಲ್ಲಿನ ಬಿಲ್ಲೂ ಕಸ್ಟಮ್ಸ್ ಸುಂಕ ಕಟ್ಟಿದ ರಸೀದಿಯೂ ಇರಲಿ.

ದುಡ್ಡಿನ ಮಾತು. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಬ್ಯಾಂಕಿನ ಮೂಲಕವೇ ಆಗಲಿ. ‘ನಾನು ಮಿಲಿಟರಿಯವನು, ವರ್ಗವಾಗಿದೆ, ಅಡ್ವಾನ್ಸ್ ಹಾಕಿ’ ಎಂಬ ಕರೆ ಬಂದರೆ ಫೋನಿಡಿ. ನೀವು ಮಾರುವವರಾಗಿದ್ದು, ದುಡ್ಡು ಬರಲು ಯುಪಿಐ ಪಿನ್ ಒತ್ತಿ ಎಂದರೆ ಅದು ಮೋಸ. ಪಿನ್ ಬೇಕಾಗುವುದು ದುಡ್ಡು ಕೊಡುವುದಕ್ಕೆ. ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಾರುವವರಿಗೆ ಹೇಳುವುದು ಕಡಿಮೆ. ದೋಷವಿದ್ದರೆ ನೀವೇ ಫೋಟೋ ತೆಗೆದು ಮೊದಲೇ ಕಳಿಸಿ, ಚೌಕಾಸಿ ಬೇಗ ಮುಗಿಯುತ್ತದೆ. ರಿಪೇರಿ ಬೇಕಿದ್ದರೆ ಊರ ಕ್ಯಾಮೆರಾ ಅಂಗಡಿಯಲ್ಲಿ ಬಿಚ್ಚಿಸಬೇಡಿ; ಬಿಚ್ಚಿದ ಸ್ಕೋಪಿಗೆ ಬೆಲೆ ಇಲ್ಲ. ಚಳಿಗಾಲದ ಹಕ್ಕಿಗಳು ಬರುವ ಅಕ್ಟೋಬರಿನಲ್ಲಿ ಕೇಳುವವರು ಹೆಚ್ಚು, ಏಪ್ರಿಲ್ ಕಳೆದರೆ ಕೊಳ್ಳುವವರದೇ ಕಾಲ. ಪಾರ್ಸೆಲ್ ಕಳಿಸಲೇಬೇಕೆಂದಿದ್ದರೆ ವಿಮೆ ಮಾಡಿಸಿ, ಸೀರಿಯಲ್ ನಂಬರ್ ಕಾಣುವಂತೆ ಪ್ಯಾಕಿಂಗಿನ ವಿಡಿಯೋ ತೆಗೆಯಿರಿ, ಬಿಚ್ಚುವಾಗ ಅವರೂ ತೆಗೆಯಲಿ. ಟ್ರೈಪಾಡನ್ನು ಮಾತ್ರ ಸ್ಕೋಪಿನ ಜೊತೆ ಸೇರಿಸಿ ಕೊಡಬೇಡಿ. ಬಯಲಿನ ಗಾಳಿಗೆ ಅಲುಗದ ಭಾರದ ಟ್ರೈಪಾಡ್ ನಿಮ್ಮ ಮುಂದಿನ ಸ್ಕೋಪಿಗೂ ಬೇಕಾಗುತ್ತದೆ, ಹಳೆಯದಕ್ಕೆ ಸಿಗುವ ದುಡ್ಡಿನಲ್ಲಿ ಅಂಥದ್ದು ಇನ್ನೊಂದು ಬರುವುದಿಲ್ಲ.