ಬಿಳಿ ಸೆರಗು: ದೂರು ಒಂದು, ಕಾಯಿಲೆ ಹಲವು

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಸೋಂಕು ‘ಮಂಗನ ಕಾಯಿಲೆ’ ಎಂಬ ಹೆಸರಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಮಾತಾಗಿದ್ದು, ಉಣ್ಣಿ ಕಚ್ಚಿದ್ದೆಲ್ಲಿ, ಜ್ವರ ಬಂದದ್ದೆಂದು ಎಂಬುದನ್ನು ಹೇಳಲು ಅಲ್ಲಿ ಯಾರೂ ಅಳುಕುವುದಿಲ್ಲ. ಆದರೆ ಹೆಣ್ಣಿನ ಜನನಾಂಗದ ತೊಂದರೆಯಾದರೆ, ಕನ್ನಡನಾಡಿನ ಉಳಿದೆಡೆಗಳಂತೆ ಕೊಪ್ಪ ಬಳಿಯ ಬಾಳಗಡಿಯ ಸುತ್ತಿನ ಅಡಿಕೆ, ಕಾಫಿ ತೋಟಗಳ ಸೀಮೆಯಲ್ಲಿಯೂ ಮಾತು ‘ಕೆಳಗೆ’ ಎಂಬಲ್ಲಿಗೆ ನಿಲ್ಲುತ್ತದೆ. ‘ಬಿಳಿ ಸೆರಗು’, ‘ಬಿಳುಪು ಹೋಗುವುದು’ ಎಂಬ ಒಂದೆರಡು ನುಡಿಗಳೇ ಸಹಜ ಸ್ರಾವದಿಂದ ಹಿಡಿದು ಕ್ಯಾನ್ಸರಿನ ಸೂಚನೆಯವರೆಗೆ ಎಲ್ಲಕ್ಕೂ ಬಳಕೆಯಾಗುತ್ತವೆ. ಈ ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆಯಾಗಿರುವುದರಿಂದ, ಅಂಗಗಳ ಹಾಗೂ ಸೋಂಕುಗಳ ಹೆಸರುಗಳನ್ನು ಬಿಡಿಸಿ ತಿಳಿಯುವುದು ಆರೋಗ್ಯದ ಅಗತ್ಯವೇ ಆಗಿದೆ.

ಹೊರಗೆ ಕಾಣುವ ಭಾಗವನ್ನೆಲ್ಲ ‘ಯೋನಿ’ ಎನ್ನುವುದು ರೂಢಿಯಾದರೂ ಶರೀರಶಾಸ್ತ್ರದಲ್ಲಿ ಅದರ ಹೆಸರು ಭಗ. ಎರಡು ಜೊತೆ ತುಟಿಗಳಂತಿರುವ ಭಗೋಷ್ಠಗಳು, ಅವು ಮೇಲ್ಗಡೆ ಕೂಡುವಲ್ಲಿರುವ ಸೂಕ್ಷ್ಮ ಸಂವೇದನೆಯ ಭಗಾಂಕುರ, ಮೂತ್ರದ್ವಾರ ಮತ್ತು ಅದರ ಕೆಳಗಿನ ಯೋನಿದ್ವಾರ ಇವೆಲ್ಲ ಅದರಲ್ಲಿ ಸೇರುತ್ತವೆ. ಯೋನಿ ಎಂದರೆ ಈ ದ್ವಾರದಿಂದ ಒಳಕ್ಕೆ ಸಾಗುವ, ಸುಮಾರು 7ರಿಂದ 10 ಸೆಂಟಿಮೀಟರ್ ಉದ್ದದ, ಹಿಗ್ಗಬಲ್ಲ ಸ್ನಾಯುನಾಳವಾಗಿದ್ದು, ಅದರ ತುದಿಯಲ್ಲಿ ಗರ್ಭಕೋಶದ ಕೆಳಬಾಯಿಯಾದ ಗರ್ಭಕೊರಳು ಚಾಚಿಕೊಂಡಿರುತ್ತದೆ. ಆದ್ದರಿಂದ ಭಗದ ತುರಿಕೆ, ಯೋನಿಯ ಉರಿಯೂತ, ಗರ್ಭಕೊರಳಿನ ಹುಣ್ಣು ಮೂರೂ ಬೇರೆ ಬೇರೆ ಸಂಗತಿಗಳು.

ಆಯುರ್ವೇದದ ಪರಿಭಾಷೆ ಈ ಗೆರೆಗಳನ್ನು ಬೇರೆ ರೀತಿಯಲ್ಲಿ ಎಳೆಯುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯವು ‘ಯೋನಿವ್ಯಾಪತ್’ ಎಂಬ ಹೆಸರಿನಲ್ಲಿ 20 ವ್ಯಾಧಿಗಳನ್ನು ಹೇಳುತ್ತದೆ; ಸುಶ್ರುತಸಂಹಿತೆಯು ಯೋನಿಯನ್ನು ಮೂರು ಆವರ್ತಗಳುಳ್ಳ ಶಂಖದ ಒಳಭಾಗಕ್ಕೆ ಹೋಲಿಸಿ, ಮೂರನೆಯ ಆವರ್ತದಲ್ಲಿ ಗರ್ಭಶಯ್ಯೆಯನ್ನು ಇರಿಸುವುದರಿಂದ, ಅಲ್ಲಿ ಯೋನಿಯೆಂದರೆ ಗರ್ಭಕೋಶವನ್ನೂ ಒಳಗೊಂಡ ಇಡೀ ಮಾರ್ಗವೆಂದಾಗುತ್ತದೆ. ಕೊಪ್ಪದಲ್ಲಿ ಎ.ಎಲ್.ಎನ್. ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಇರುವುದರಿಂದ ಈ ಭಾಗದ ಹೆಂಗಸರಿಗೆ ಎರಡೂ ಪದ್ಧತಿಗಳ ವೈದ್ಯರು ಸಿಗುತ್ತಾರೆ. ಒಂದು ಚೀಟಿಯ ‘ಯೋನಿ’ ಇನ್ನೊಂದರಲ್ಲಿ ಬೇರೆ ವ್ಯಾಪ್ತಿಯ ಪದವಾಗಬಹುದೆಂಬ ಅರಿವು ಗೊಂದಲವನ್ನು ತಪ್ಪಿಸುತ್ತದೆ.

ಸ್ರಾವವೆಲ್ಲವೂ ರೋಗವಲ್ಲ. ಜರ್ಮನಿಯ ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲಿ ವಿವರಿಸಿದ, ಇಂದು ಲ್ಯಾಕ್ಟೊಬ್ಯಾಸಿಲಸ್ ಎಂದು ಕರೆಯಲಾಗುವ ಬ್ಯಾಕ್ಟೀರಿಯಾಗಳು ಯೋನಿಯಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತವೆ. ಹೀಗೆ ಪ್ರಾಯದ ಹೆಣ್ಣಿನಲ್ಲಿ ಪಿಎಚ್ ಮಟ್ಟ 3.8ರಿಂದ 4.5ರಷ್ಟಿದ್ದು, ಈ ಹುಳಿಯಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯಲಾರವು. ಮುಟ್ಟಿನ ಚಕ್ರದ ನಡುದಿನಗಳಲ್ಲಿ ತಿಳಿಯಾಗಿ, ಲೋಳೆಯಾಗಿ ಹೆಚ್ಚುವ ಸ್ರಾವವು ಅಂಡಾಣು ಬಿಡುಗಡೆಯ ಲಕ್ಷಣವೇ ಹೊರತು, ಮೈಯ ಉಷ್ಣದ್ದಾಗಲಿ ಮೂಳೆ ಕರಗುವುದರದ್ದಾಗಲಿ ಅಲ್ಲ. ಯೋನಿಯೊಳಗನ್ನು ಸೋಪಿನಿಂದ ತೊಳೆದರೆ ಈ ರಕ್ಷಣೆಯೇ ಕೆಡುವುದರಿಂದ ಭಗವನ್ನು ಮಾತ್ರ ನೀರಿನಿಂದ ತೊಳೆದರೆ ಸಾಕು.

ಈ ಸಮತೋಲ ಕೆಟ್ಟು ಗಾರ್ಡ್ನೆರೆಲ್ಲಾದಂಥ ಬ್ಯಾಕ್ಟೀರಿಯಾಗಳು ಹೆಚ್ಚಿದ ಸ್ಥಿತಿಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ಹೆಸರು. ತೆಳ್ಳನೆಯ ಬೂದು ಸ್ರಾವ, ಮೀನಿನಂಥ ವಾಸನೆ, 4.5ನ್ನು ದಾಟಿದ ಪಿಎಚ್ ಇದರ ಗುರುತುಗಳು. ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿನಲ್ಲಿ ವಾಸನೆಗಿಂತ ತುರಿಕೆಯೇ ಮುಂದಾಗಿ, ಮೊಸರಿನ ಗಡ್ಡೆಯಂಥ ಬಿಳಿ ಸ್ರಾವ ಕಾಣುತ್ತದೆ. ಸಕ್ಕರೆ ಕಾಯಿಲೆ, ಬಸಿರು, ಆ್ಯಂಟಿಬಯಾಟಿಕ್ ಸೇವನೆ ಇದಕ್ಕೆ ದಾರಿ ಮಾಡುವುದಲ್ಲದೆ, ಮಳೆಗಾಲದಲ್ಲಿ ತೋಟದ ಕೆಲಸದವರು ದಿನವಿಡೀ ಒದ್ದೆ ಬಟ್ಟೆಯಲ್ಲಿರುವುದೂ ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ. ಮೂರನೆಯದು ಟ್ರೈಕೊಮೊನಾಸ್, 1836ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಡೊನೆ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ ಈ ಏಕಕೋಶ ಪರಾವಲಂಬಿ ಲೈಂಗಿಕ ಸಂಪರ್ಕದಿಂದ ಹರಡಿ, ನೊರೆನೊರೆಯಾದ ಹಳದಿ-ಹಸಿರು ಸ್ರಾವವನ್ನು ಉಂಟುಮಾಡುತ್ತದೆ. ಶಿಲೀಂಧ್ರಕ್ಕೆ ಕೊಡುವ ಕ್ಲೋಟ್ರಿಮಜೋಲ್‌ನಿಂದ ಮೊದಲನೆಯದಾಗಲಿ ಮೂರನೆಯದಾಗಲಿ ವಾಸಿಯಾಗದು, ಅವೆರಡಕ್ಕೂ ಕೊಡುವ ಮೆಟ್ರೊನಿಡಜೋಲ್‌ನಿಂದ ಶಿಲೀಂಧ್ರ ಹೋಗದು.

ಎರಡು ಮುಟ್ಟುಗಳ ನಡುವೆ, ಕೂಡಿದ ಬಳಿಕ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ರಕ್ತ ಬೆರೆತ ದುರ್ವಾಸನೆಯ ಸ್ರಾವವಿದ್ದರೆ, ಗರ್ಭಕೊರಳಿನ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಈ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಎಚ್‌ಪಿವಿ ವೈರಾಣುವಿನ 16 ಮತ್ತು 18ನೆಯ ಬಗೆಗಳೇ ಕಾರಣ. 9ರಿಂದ 14 ವರ್ಷದೊಳಗೆ ಲಸಿಕೆ, 30 ದಾಟಿದ ಮೇಲೆ ತಪಾಸಣೆ ಇದಕ್ಕೆ ತಡೆ. ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಸವರಿ, ಬೆಳ್ಳಗಾದ ಮಚ್ಚೆಗಳನ್ನು ಬರಿಗಣ್ಣಿನಿಂದ ನೋಡುವ ‘ವಿಐಎ’ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ.

ಹೇಳದ ಕಾಯಿಲೆಯ ಪ್ರಮಾಣ ಚಿಕ್ಕದಲ್ಲ. ಮಹಾರಾಷ್ಟ್ರದ ಗಡ್‌ಚಿರೋಲಿಯ ಎರಡು ಹಳ್ಳಿಗಳಲ್ಲಿ ರಾಣಿ ಬಂಗ್ ಮತ್ತು ಸಂಗಡಿಗರು ನಡೆಸಿ, 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 92ರಷ್ಟು ಹೆಂಗಸರಿಗೆ ಒಂದಲ್ಲ ಒಂದು ಸ್ತ್ರೀರೋಗ ಕಂಡುಬಂದಿತ್ತು. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡವರು ಶೇ 8ರಷ್ಟು ಮಾತ್ರ. ಕನ್ನಡದಲ್ಲಿ ಈ ಮೌನವನ್ನು ಮುರಿದವರಲ್ಲಿ ಕೊಪ್ಪದ ನೆರೆಯ ತೀರ್ಥಹಳ್ಳಿಯಲ್ಲಿ 1934ರಲ್ಲಿ ಜನಿಸಿದ ವೈದ್ಯೆ, ಲೇಖಕಿ ಅನುಪಮಾ ನಿರಂಜನ ಪ್ರಮುಖರು. ‘ಕೇಳು ಕಿಶೋರಿ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಕೃತಿಗಳಿಂದ ಅವರು ಈ ವಿಷಯಗಳನ್ನು ಮನೆಗಳ ಓದಿಗೆ ತಂದರು.

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಯೋಗಾಲಯದ ವರದಿಗೆ ಕಾಯದೆ ಲಕ್ಷಣಗಳ ಮೇಲೆಯೇ ಚಿಕಿತ್ಸೆ ಕೊಡುವ ಕ್ರಮವಿದ್ದು, ಯೋನಿಸ್ರಾವಕ್ಕೆ ಹಸಿರು ಬಣ್ಣದ ಕಿಟ್ ನಿಗದಿಯಾಗಿದೆ. ಇಂಥ ಕ್ರಮದಲ್ಲಿ ರೋಗಿಯ ಮಾತೇ ಮುಖ್ಯ ಆಧಾರವಾದ್ದರಿಂದ, ‘ಬಿಳಿ ಸೆರಗು’ ಎಂದು ಆರಂಭಿಸಿದವರು ಅದರ ಬಣ್ಣ, ವಾಸನೆ, ತುರಿಕೆ, ಕಿಬ್ಬೊಟ್ಟೆ ನೋವು, ಕಳೆದ ಮುಟ್ಟಿನ ದಿನ ಇಷ್ಟನ್ನು ಸೇರಿಸಿ ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ. ಟ್ರೈಕೊಮೊನಾಸ್ ಸೋಂಕಿನಲ್ಲಿ ಗಂಡನೂ ಮಾತ್ರೆ ನುಂಗದಿದ್ದರೆ ಹೆಂಡತಿಗೆ ಸೋಂಕು ಮರುಕಳಿಸುತ್ತದೆ. ಹಾಗಾಗಿ ಈ ಹೆಸರುಗಳನ್ನು ಹೆಂಗಸರಷ್ಟೇ ತಿಳಿದುಕೊಂಡರೆ ಸಾಲದು.