ನಿಂತುಹೋಗುವ ಗಾಡಿಯ ನಿದಾನ

ಯಂತ್ರವೊಂದು ಸಂಪೂರ್ಣವಾಗಿ ಕೆಟ್ಟು ಕುಳಿತರೆ ಅದನ್ನು ಸರಿಪಡಿಸುವುದು ಕೈಚಳಕದ ಕೆಲಸ. ಆದರೆ ನಾಲ್ಕು ಮೈಲಿ ಸುಸೂತ್ರವಾಗಿ ಓಡಿ, ಐದನೆಯ ಮೈಲಿಯಲ್ಲಿ ನಿಷ್ಕಾರಣವಾಗಿ ನಿಂತು, ಸವಾರನು ಬೆವರೊರೆಸಿಕೊಳ್ಳುತ್ತ ಜಾಲಿಯ ತೆಳು ನೆರಳಿನಲ್ಲಿ ಹತ್ತು ನಿಮಿಷ ಕುಳಿತೆದ್ದಮೇಲೆ ಏನೂ ನಡೆದಿಲ್ಲವೆಂಬಂತೆ ಒಂದೇ ಕಿಕ್ಕಿಗೆ ಗುಡುಗತೊಡಗುವ ಹಳೆಯ ಮೋಟಾರುಸೈಕಲ್ಲಿನ ವ್ಯಾಧಿಯನ್ನು ಪತ್ತೆಹಚ್ಚುವುದು ಬೇರೆಯೇ ಒಂದು ವಿದ್ಯೆ. ಆ ವಿದ್ಯೆ ಇಂದಿಗೂ ಜೀವಂತವಾಗಿರುವುದು ದೊಡ್ಡ ಷೋರೂಮುಗಳಲ್ಲಲ್ಲ. ಕುರುಗೋಡು ತಾಲೂಕಿನ ಬಾದನಹಟ್ಟಿಯಂಥ ಊರುಗಳಲ್ಲಿ, ರಸ್ತೆಬದಿಯ ತಗಡಿನ ಷೆಡ್ಡುಗಳಲ್ಲಿ.

ನನ್ನದು ಮೈಸೂರಿನ ಜಾವಾ. ಜೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರುಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಸಂಧಿಮಾಡಿ ಇಟ್ಟ ಹೆಸರದು. 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಂಪನಿ ಮರುವರ್ಷದಿಂದಲೇ ಮೈಸೂರಿನ ಯಾದವಗಿರಿಯಲ್ಲಿ ಗಾಡಿಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ದಿ ಎಂದು ಹೆಸರು ಬದಲಿಸಿಕೊಂಡವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೆಸರುಗಳೇನೋ ಈಚೆಗೆ ಹೊಸ ಯಂತ್ರಗಳ ಮೇಲೆ ಮರಳಿ ಬಂದಿವೆ, ಆದರೆ ಹಳೆಯ ಗಾಡಿಯ ಮರ್ಮ ಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿವೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಗೇರು ಹಾಕುವ ಕಾಲುಪಟ್ಟಿಯನ್ನೇ ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರು, ಲೀಟರು ಪೆಟ್ರೋಲಿಗೆ ಸುಮಾರು 40 ಮಿಲಿ ಆಯಿಲ್ ಬೆರೆಸಿ ಕುಡಿಸಬೇಕಾದ ಟೂ-ಸ್ಟ್ರೋಕ್ ಎಂಜಿನ್ನು: ಇಷ್ಟು ಸರಳವಾದ ಯಂತ್ರವು ಇಷ್ಟೊಂದು ಗೂಢವಾಗಿ ಕಾಡಬಲ್ಲುದೆಂದು ನಾನು ಎಣಿಸಿರಲಿಲ್ಲ.

ಗಾಡಿ ನಡುದಾರಿಯಲ್ಲಿ ನಿಲ್ಲುವುದಕ್ಕೆ ಮೂಲತಃ ಎರಡೇ ಕಾರಣಗಳುಂಟು. ಕಿಡಿ ತಪ್ಪಬೇಕು, ಇಲ್ಲವೆ ಪೆಟ್ರೋಲು ತಪ್ಪಬೇಕು. ಕಿಡಿಯ ಕಡೆಯ ಮೊದಲ ಆರೋಪಿ ಕಂಡೆನ್ಸರು. ಪಾಯಿಂಟುಗಳು ಬಿಚ್ಚಿಕೊಳ್ಳುವ ಕ್ಷಣದಲ್ಲಿ ಅವುಗಳ ನಡುವೆಯೇ ಹಾರಿಹೋಗಬಹುದಾದ ವಿದ್ಯುತ್ತನ್ನು ತಾನು ಹೀರಿಕೊಂಡು, ಕಾಯಿಲಿನಲ್ಲಿ ಪ್ರಬಲವಾದ ಕಿಡಿ ಹುಟ್ಟುವಂತೆ ಮಾಡುವ ಹೆಬ್ಬೆರಳು ಗಾತ್ರದ ಡಬ್ಬಿಯದು. ಹಳತಾದಾಗ ತಣ್ಣಗಿರುವಷ್ಟು ಹೊತ್ತು ನಿಷ್ಠೆಯಿಂದ ದುಡಿದು, ಕಾವೇರಿದೊಡನೆ ಕೈಕೊಡುತ್ತದೆ, ಆರಿದಮೇಲೆ ಮತ್ತೆ ಸಜ್ಜನನಾಗುತ್ತದೆ. ಬಳ್ಳಾರಿಯ ಬೇಸಗೆಯಲ್ಲಿ ಅದರ ಮೇಲೆ ಅನುಮಾನ ಬರುವುದು ಸಹಜವೇ. ನನ್ನ ಗಾಡಿಯ ಲಕ್ಷಣಗಳೆಲ್ಲವೂ ಅದಕ್ಕೆ ಹೊಂದುತ್ತಿದ್ದುದರಿಂದ ಎರಡು ಬಾರಿ ಕಂಡೆನ್ಸರು ಬದಲಾಯಿತು, ಪಾಯಿಂಟುಗಳನ್ನು ಉಪ್ಪುಕಾಗದದಿಂದ ಉಜ್ಜಿ 0.4 ಮಿಲಿಮೀಟರಿನ ಅಂತರಕ್ಕೆ ಕೂರಿಸಿದ್ದಾಯಿತು, ಪ್ಲಗ್ಗೂ ಹೊಸದಾಯಿತು. ಗಾಡಿ ಮಾತ್ರ ತನ್ನ ವ್ರತವನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಕುರುಗೋಡಿನಿಂದ ಹೊರಟವನು ಬಾದನಹಟ್ಟಿ ತಲಪುವಷ್ಟರಲ್ಲಿ ಎರಡು ಸಲ ನಿಂತು, ಬೇವಿನ ಮರದಡಿಯ ಷೆಡ್ಡೊಂದರ ಮುಂದೆ ಗಾಡಿಯನ್ನು ತಳ್ಳಿಕೊಂಡೇ ಬಂದೆ. ಟ್ರ್ಯಾಕ್ಟರಿನ ಪಂಪೊಂದನ್ನು ಬಿಚ್ಚಿಕೊಂಡು ಕುಳಿತಿದ್ದ ವೃದ್ಧ ಮೇಸ್ತ್ರಿ ಸ್ಪ್ಯಾನರಿಗೆ ಕೈಹಾಕಲೇ ಇಲ್ಲ, ಪಂಪಿನಿಂದ ಕಣ್ಣೆತ್ತದೆಯೇ ಕೇಳಿದ: "ಒಮ್ಮೆಗೇ ಆಫ್ ಆಗ್ತೈತೋ, ಕೆಮ್ಮಿ ಕೆಮ್ಮಿ ಆಫ್ ಆಗ್ತೈತೋ ಸಾರ್?"

ಕೆಮ್ಮಿ, ಎಂದೆ. ಕಿಡಿ ತಪ್ಪಿದ ಗಾಡಿ ಬಹುಮಟ್ಟಿಗೆ ದೀಪವಾರಿದಂತೆ ತಟ್ಟನೆ ಸ್ತಬ್ಧವಾಗುತ್ತದೆ. ಪೆಟ್ರೋಲು ಬತ್ತಿದ ಗಾಡಿ ಉಬ್ಬಸದವನಂತೆ ಏದುಸಿರು ಬಿಟ್ಟು ನಿಲ್ಲುತ್ತದೆ. ಇಷ್ಟು ಸಣ್ಣ ಭೇದವನ್ನು ಅದುವರೆಗೆ ಯಾರೂ ನನ್ನಲ್ಲಿ ವಿಚಾರಿಸಿರಲಿಲ್ಲ, ನಾನಾಗಿ ಹೇಳಿಯೂ ಇರಲಿಲ್ಲ.

"ಟ್ಯಾಂಕ್ ಫುಲ್ ಇದ್ದಾಗ ಜಲ್ದಿ ನಿಲ್ತೈತೋ, ಅರ್ಧ ಇದ್ದಾಗೋ?"

ಈ ಪ್ರಶ್ನೆ ನನಗೆ ವಿಪರೀತವಾಗಿ ತೋರಿತು. ತುಂಬಿದ ಟ್ಯಾಂಕಿಗೆ ಪೆಟ್ರೋಲಿನ ಬರವೆಲ್ಲಿಯದು? ಆದರೂ ನೆನಪಿನಲ್ಲಿ ಹಿಂದಕ್ಕೆ ಸರಿದು ನೋಡಿದರೆ, ಬಂಕಿನಿಂದ ಹೊರಟ ದಿನಗಳಲ್ಲೇ ಗಾಡಿ ಬೇಗ ನಿಂತಿದ್ದುದು ನಿಜವಾಗಿತ್ತು. ಮೇಸ್ತ್ರಿ ಪಂಪನ್ನು ಕೆಳಗಿಟ್ಟು ಕೈಯೊರೆಸಿಕೊಂಡ. "ನಡೀರಿ, ನಿಲ್ಲೋವರೆಗೂ ಓಡಿಸೋಣ" ಎಂದು ಹಿಂದೆ ಹತ್ತಿ ಕುಳಿತ. ಆಯುರ್ವೇದದವರ ನಿದಾನವೂ ನಮ್ಮ ಆಡುಮಾತಿನ ನಿಧಾನವೂ ಬೇರೆ ಬೇರೆ ಶಬ್ದಗಳೆಂದು ಪಂಡಿತರು ಎಚ್ಚರಿಸುತ್ತಾರೆ. ಈ ಕಸಬಿನಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಕಾಣದ ದೋಷವನ್ನು ತಿದ್ದಲಾಗದು, ಆದಕಾರಣ ಅದು ಕಾಣಿಸಿಕೊಳ್ಳುವ ತನಕ ಕಾಯಬೇಕು. ಕಾಯಲೊಲ್ಲದವನು ಎಲ್ಲವನ್ನೂ ಬಿಚ್ಚುತ್ತಾನೆ, ಎಲ್ಲವನ್ನೂ ಬದಲಿಸುತ್ತಾನೆ, ಬಿಲ್ಲನ್ನೂ ಬರೆಯುತ್ತಾನೆ.

ತುಂಗಭದ್ರೆಯ ನೀರು ಹರಿಯುವ ಕಾಲುವೆಯ ಬದಿಯಲ್ಲಿ, ಭತ್ತದ ಗದ್ದೆಗಳ ನಡುವೆ, ಗಾಡಿ ಕೆಮ್ಮತೊಡಗಿತು; ಕೆಮ್ಮಿ ನಿಂತಿತು. ಮೇಸ್ತ್ರಿ ಥಟ್ಟನೆ ಇಳಿದು, ಕಾರ್ಬೊರೇಟರಿನ ನೆತ್ತಿಯ ಪುಟ್ಟ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದ. ಒಳಗಿನ ತೇಲುಬುರುಡೆಯನ್ನು ಕೆಳಕ್ಕೆ ದೂಡುವ ಗುಂಡಿಯದು. ಕೋಣೆಯಲ್ಲಿ ಪೆಟ್ರೋಲಿದ್ದರೆ ಉಕ್ಕಿ ಬೆರಳು ತೋಯಬೇಕು. ಬೆರಳು ಒಣಗಿಯೇ ಇತ್ತು. ಟ್ಯಾಂಕಿನ ತುಂಬ ಪೆಟ್ರೋಲು, ಒಂದು ಗೇಣು ಕೆಳಗೆ ಬರಗಾಲ! ಕಾಲುವೆಯ ಕೊನೆಯಂಚಿನ ರೈತನಿಗೆ ಇದು ಹೊಸ ಸಂಗತಿಯಲ್ಲ. ನೀರು ಬಾರದಿದ್ದರೆ ಆತ ತನ್ನ ಗದ್ದೆಯನ್ನು ಅಗೆಯುವುದಿಲ್ಲ, ಬದುವಿನಗುಂಟ ಮೇಲಕ್ಕೆ ನಡೆಯುತ್ತಾನೆ. ಮೇಸ್ತ್ರಿಯೂ ಹಾಗೆಯೇ ಪೈಪನ್ನು ದಾಟಿ, ಪೆಟ್ರೋಲ್ ಕಾಕನ್ನು ದಾಟಿ, ಮೇಲಿನ ಮುಚ್ಚಳಕ್ಕೆ ಬಂದು ಅದನ್ನು ತಿರುವಿದ.

ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು.

ಪೆಟ್ರೋಲು ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು, ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಅದು ಮುಚ್ಚಿಹೋದರೆ ಟ್ಯಾಂಕಿನೊಳಗಿನ ಗಾಳಿ ವಿರಳವಾಗುತ್ತ ಬಂದು, ಕೊನೆಗೆ ಪೆಟ್ರೋಲನ್ನು ಕೆಳಗಿಳಿಯಗೊಡದೆ ಹಿಡಿದುಬಿಡುತ್ತದೆ. ತುಂಬಿದ ಟ್ಯಾಂಕಿನಲ್ಲಿ ಮೊದಲೇ ಗಾಳಿ ಅತ್ಯಲ್ಪವಾದ್ದರಿಂದ ಆ ಸ್ಥಿತಿ ಬೇಗ ಒದಗುತ್ತದೆ. ಅರ್ಧ ಟ್ಯಾಂಕಿಗೆ ಅಷ್ಟು ದೂರ ಹೆಚ್ಚಿನ ಓಟ ಲಭಿಸುತ್ತದೆ. ಹತ್ತು ನಿಮಿಷ ನಿಲ್ಲಿಸಿದರೆ ಅಲ್ಲಿ ಇಲ್ಲಿ ಗಾಳಿ ಜಿನುಗಿ ಎಲ್ಲವೂ ಸಮವಾಗುತ್ತದೆ, ಮತ್ತು ಅಷ್ಟರಲ್ಲಿ ಕಂಡೆನ್ಸರೂ ಆರಿರುವುದರಿಂದ ಅಪರಾಧವೆಲ್ಲ ಆ ನಿರಪರಾಧಿಯ ತಲೆಗೆ ಬರುತ್ತದೆ.

ಮುಚ್ಚಳದ ಒಳಗೆ ಕರಿಯ ರಬ್ಬರಿನ ಬಿಲ್ಲೆಯೊಂದು ಅಂಟಿಕೊಂಡಿತ್ತು. ಪ್ಯಾಂಟಿನ ಮೇಲೆ ಪೆಟ್ರೋಲು ಚೆಲ್ಲುತ್ತದೆಂದು ಆರು ತಿಂಗಳ ಕೆಳಗೆ ಹಳೆಯ ಟ್ಯೂಬನ್ನು ಕತ್ತರಿಸಿ, ನಡುವೆ ತೂತು ಬಿಡದೆ, ಬಹಳ ಅಚ್ಚುಕಟ್ಟಾಗಿ ಕೂರಿಸಿದವನು ನಾನೇ. ಮೇಸ್ತ್ರಿ ಅದನ್ನು ಉಗುರಿನಿಂದ ಎಬ್ಬಿಸಿ, ಬಿಸಿಲಿಗೆ ಹಿಡಿದು, ಹಿಂದೆಮುಂದೆ ತಿರುಗಿಸಿ ನೋಡಿ ಕೇಳಿದ: "ಯಾವ ಮೇಸ್ತ್ರಿ ಹಾಕಿದ್ದು ಸಾರ್ ಇದನ್ನ?"

ಬಳ್ಳಾರಿಯವರೊಬ್ಬರು, ಎಂದೆ. ನಾನೂ ಬಳ್ಳಾರಿಯವನೇ ಆದ್ದರಿಂದ ಅದು ಸುಳ್ಳೇನಲ್ಲ.